ಕೋಲಾರದ ಟೊಮೆಟೊ ಬೀಜ, ಶಿಡ್ಲಘಟ್ಟದ ಹುಳದ ಮೊಟ್ಟೆ: ಅಪ್ಪ ಅಮ್ಮ ಯಾರ ಹತ್ರ ಇದಾರೆ?

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಟೊಮೆಟೊ ಇಡೋರ ಜೊತೆ ಹತ್ತು ನಿಮಿಷ ಕೂತ್ರೆ ಸಾಕು, ಬೀಜದ ರೇಟಿನ ಮಾತು ಬಂದೇ ಬರುತ್ತೆ, ಅದರ ಹಿಂದೇನೇ ಇನ್ನೊಂದು ಮಾತೂ ಬರುತ್ತೆ. "ಕಂಪನಿಯೋರು ಬೀಜಕ್ಕೇ ಏನೋ ಮಾಡ್ಬಿಟ್ಟವ್ರೆ ಕಣಣ್ಣ, ನಮ್ಮ ತೋಟದ ಹಣ್ಣಿಂದಾನೇ ಬೀಜ ತೆಗೆದು ಹಾಕಿದ್ರೂ ಎರಡನೇ ಸಲ ಬರಲ್ಲ." ಈ ಮಾತಲ್ಲಿ ಅರ್ಧ ನಿಜ ಇದೆ, ಅರ್ಧ ಇಲ್ಲ, ಮತ್ತೆ ಯಾವ ಅರ್ಧ ನಿಜ ಅನ್ನೋದು ಗೊತ್ತಾಗ್ದೇ ಇದ್ರೆ ಬೈಬೇಕಾದ ಜಾಗ ಬಿಟ್ಟು ಬೇರೆ ಕಡೆ ಬೈತಾ ಕೂತ್ಕೋತೀವಿ, ಅದಕ್ಕೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಬರಲ್ಲ ಅನ್ನೋದು ಸುಳ್ಳು. ಕಂಪನಿಯೋರು ಎರಡು ತಳಿ ಕ್ರಾಸ್ ಮಾಡಿ ಮಾರೋ ಹೈಬ್ರಿಡ್ ಹಣ್ಣಿನ ಬೀಜ ತೆಗೆದು ಟ್ರೇಗೆ ಹಾಕಿ ನೋಡಿ, ಚೆನ್ನಾಗೇ ಮೊಳಕೆ ಬರುತ್ತೆ, ಸಸಿ ಬರುತ್ತೆ, ನೆಟ್ರೆ ಗಿಡಾನೂ ಆಗುತ್ತೆ, ಹಣ್ಣೂ ಬಿಡುತ್ತೆ. ಆದ್ರೆ ಸಾಲಲ್ಲಿ ಒಂದು ಗಿಡ ಇದ್ದಂಗೆ ಇನ್ನೊಂದು ಇರಲ್ಲ. ಒಂದು ಗಿಡದಲ್ಲಿ ಉದ್ದನೆ ಹಣ್ಣು, ಪಕ್ಕದ್ದರಲ್ಲಿ ದುಂಡುಂಡು, ಒಂದು ನೀಲಗಿರಿ ಕಡ್ಡಿ ದಾಟಿ ಮೇಲಕ್ಕೆ ಹೋಗುತ್ತೆ, ಇನ್ನೊಂದು ಮೊಣಕಾಲುದ್ದಕ್ಕೇ ನಿಂತ್ಬಿಡುತ್ತೆ, ಒಂದಕ್ಕೆ ತಿಂಗಳೊಳಗೇ ಎಲೆ ಮುದುರಿರುತ್ತೆ, ಪಕ್ಕದ್ದು ಆ ರೋಗ ಹರಡೋ ಅದೇ ಬಿಳಿ ನೊಣದ ಮಧ್ಯೆ ಹಸಿರಾಗಿ ನಿಂತಿರುತ್ತೆ. ಮಂಡಿಗೆ 15 ಕೆಜಿ ಬಾಕ್ಸಲ್ಲಿ ಇಂಥ ಕಲಬೆರಕೆ ಮಾಲು ತಗೊಂಡೋದ್ರೆ ಹರಾಜಲ್ಲಿ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.

ಬೀಜ ಸಾಯೋ ತರ ಮಾಡೋ ತಂತ್ರಜ್ಞಾನ ಒಂದು ಇತ್ತು ನಿಜ, ಟರ್ಮಿನೇಟರ್ ಅಂತ ಹೆಸರು ಬಿದ್ದಿತ್ತು, 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ತು. ಅದೇ ವರ್ಷದ ಕೊನೇಲಿ ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ನಮ್ಮ ರಾಜ್ಯದಲ್ಲಿ ಬಿಟಿ (ಕುಲಾಂತರಿ) ಹತ್ತಿ ಪ್ರಯೋಗದ ಹೊಲಗಳಿಗೆ ಬೆಂಕಿ ಹಾಕಿತ್ತು, ಆ ಕಾಲದ ಗಲಾಟೇಲಿ ಟರ್ಮಿನೇಟರ್, ಬಿಟಿ, ಹೈಬ್ರಿಡ್ ಎಲ್ಲಾ ಜನರ ಮನಸಲ್ಲಿ ಒಂದೇ ಆಗಿ ಕೂತ್ಬಿಡ್ತು. ಆದ್ರೆ ಟರ್ಮಿನೇಟರ್ ಬೀಜ ಯಾವ ದೇಶದಲ್ಲೂ ಅಂಗಡಿಗೆ ಬರ್ಲೇ ಇಲ್ಲ, ನಮ್ಮ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂಥ ತಳಿ ನೋಂದಣಿ ಮಾಡೋದನ್ನೇ ನಿಷೇಧಿಸಿದೆ. ಸೋ ನಿಮ್ಮ ತೋಟದಲ್ಲಿ ಆಗ್ತಿರೋದಕ್ಕೆ ಕಾರಣ ಯಾವ ಲ್ಯಾಬಿನ ಕೈವಾಡಾನೂ ಅಲ್ಲ, ಅದಕ್ಕಿಂತ ತುಂಬಾ ಹಳೇದು.

ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡಲ್ ಅನ್ನೋ ಸನ್ಯಾಸಿ 1856ರಿಂದ ಬಟಾಣಿ ಗಿಡ ಬೆಳೆಸ್ತಾ ಕೂತಿದ್ದ. ದುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಕ್ರಾಸ್ ಮಾಡ್ದ, ಹುಟ್ಟಿದ್ದೆಲ್ಲಾ ದುಂಡು. ಆ ದುಂಡಿನ ಗಿಡಗಳಿಗೇ ತಮ್ಮಷ್ಟಕ್ಕೆ ತಾವು ಕಾಯಿ ಕಟ್ಟೋಕೆ ಬಿಟ್ಟ, ಮುಂದಿನ ಪೀಳಿಗೇಲಿ 5,474 ದುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಸುಕ್ಕು ಎಲ್ಲಿಗೂ ಹೋಗಿರ್ಲಿಲ್ಲ, ಒಂದು ಪೀಳಿಗೆ ಮುಖ ತೋರಿಸದೆ ಒಳಗೇ ಇತ್ತು ಅಷ್ಟೆ. ಅಲ್ಲಿವರೆಗೂ ಅಪ್ಪನ ಗುಣ ಅಮ್ಮನ ಗುಣ ಹಾಲು ಡಿಕಾಕ್ಷನ್ ತರ ಬೆರೆತ್ಹೋಗುತ್ತೆ ಅಂತ ತಿಳಿದೋರಲ್ಲಿ ಬಹಳ ಜನ ನಂಬಿದ್ರು, ಬೆರೆಯಲ್ಲ, ಬಿಡಿಬಿಡಿಯಾಗೇ ಇರುತ್ತೆ ಅಂತ ಈತ ಎಣಿಸಿ ತೋರಿಸ್ದ. 1866ರಲ್ಲಿ ಅಚ್ಚಾಯ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, 1900ರಲ್ಲಿ ಬೇರೆಯವರು ಮತ್ತೆ ಅದನ್ನೇ ಕಂಡುಹಿಡಿಯೋ ಹೊತ್ತಿಗೆ ಪಾಪ ತೀರ್ಕೊಂಡು ಹದಿನಾರು ವರ್ಷ ಆಗಿತ್ತು.

ಇವತ್ತಿನ ಭಾಷೇಲಿ ಹೇಳೋದಾದ್ರೆ ಗುಣ ಹೊತ್ತಿರೋ ಒಂದೊಂದು ಜೀನೂ ಎರಡೆರಡು ಪ್ರತಿ (ಕಾಪಿ) ಇರುತ್ತೆ, ಒಂದು ಅಪ್ಪಂದು ಒಂದು ಅಮ್ಮಂದು. ಜೀನ್‌ಗಳು ಸಾಲಾಗಿ ಕೂತಿರೋ ಎಳೆಗಳೇ ಕ್ರೋಮೋಸೋಮು, ಟೊಮೆಟೊಗೆ ಅವು 12 ಜೊತೆ, ಮನುಷ್ಯರಿಗೆ 23, ರೇಷ್ಮೆ ಹುಳಕ್ಕೆ 28. ಪರಾಗ ಆಗ್ಲಿ ಅಂಡ ಆಗ್ಲಿ ತಯಾರಾಗೋವಾಗ ಜೊತೆ ಮುರಿದು ಎರಡರಲ್ಲಿ ಒಂದು ಮಾತ್ರ ಹೋಗುತ್ತೆ, ಯಾವುದು ಹೋಗುತ್ತೆ ಅನ್ನೋದು ಲಾಟರಿ. ಎರಡು ಪ್ರತಿ ಬೇರೆ ಬೇರೆ ಆಗಿದ್ರೆ ಸಾಮಾನ್ಯವಾಗಿ ಒಂದರದ್ದೇ ಜೋರು, ಅದು ಪ್ರಬಲ, ಇನ್ನೊಂದು ದುರ್ಬಲ. ದುರ್ಬಲ ಅಂದ್ರೆ ಕೆಟ್ಟದ್ದು ಅಂತಲ್ಲ, ಎರಡೂ ಪ್ರತಿ ಅದೇ ಆದಾಗ ಮಾತ್ರ ಹೊರಗೆ ಕಾಣುತ್ತೆ ಅಂತ. ಟೊಮೆಟೊ ಗಿಡ ಕುಳ್ಳಗೆ ನಿಲ್ಲೋದು ದುರ್ಬಲ ಗುಣ, ಕಡ್ಡಿ ಕಟ್ಟಿಸ್ಕೊಂಡು ಬೆಳೀತಾನೇ ಹೋಗೋದು ಪ್ರಬಲ. ಎತ್ತರದ ಅಪ್ಪ, ಕುಳ್ಳನೆ ಅಮ್ಮ ಇದ್ರೆ ಪ್ಯಾಕೆಟ್ ಬೀಜ ಅಷ್ಟೂ ಎತ್ತರ. ಅದರ ಬೀಜ ನೀವು ತೆಗೆದು ಹಾಕಿದ್ರೆ ನಾಲ್ಕಕ್ಕೆ ಒಂದು ಕುಳ್ಳ.

ಪ್ಯಾಕೆಟ್ ಮೇಲೆ ಎಫ್1 ಅಂತ ಬರೆದಿರ್ತಾರಲ್ಲ, ಅದರ ಅರ್ಥ ಇಷ್ಟೇ, ಎರಡು ಶುದ್ಧ ತಳಿ (ಜೀನಿನ ಎರಡೂ ಪ್ರತಿ ಒಂದೇ ಆಗಿರೋ ತಳಿ) ಕ್ರಾಸ್ ಮಾಡಿದ ಮೊದಲನೇ ಪೀಳಿಗೆ. ಟೊಮೆಟೊ ಹೂವು ತನ್ನ ಪರಾಗಾನೇ ತಾನು ತಗೊಳ್ಳೋ ಜಾತಿ, ಅದಕ್ಕೇ ಈ ಕ್ರಾಸು ಕೈಯಲ್ಲೇ ಆಗ್ಬೇಕು. ರಾಣೆಬೆನ್ನೂರು ಕಡೆ ಇದೊಂದು ದೊಡ್ಡ ಕಸುಬು, ಹೆಚ್ಚಾಗಿ ಹೆಣ್ಣುಮಕ್ಕಳೇ ಮೊಗ್ಗು ಅರಳೋ ಮುಂಚೆ ಒಂದೊಂದರೊಳಗಿನ ಗಂಡು ಭಾಗ ಚಿಮಟದಲ್ಲಿ ಕಿತ್ತು, ಅಪ್ಪನ ತಳಿಯ ಪರಾಗ ಮುಟ್ಟಿಸ್ತಾರೆ, ಬಿಸಿಲಲ್ಲಿ ಕೂತು ಒಂದೊಂದೇ ಹೂವಿಗೆ. ಬೀಜ ದುಬಾರಿ ಆಗೋಕೆ ಇದೂ ಒಂದು ಕಾರಣ, ಇದೊಂದೇ ಕಾರಣ ಅಂತ ಮಾತ್ರ ನಾನು ಒಪ್ಪಲ್ಲ. ನಾಟಿ ಟೊಮೆಟೊಗೆ ಈ ಗೋಳಿಲ್ಲ, ಅದರ ಎರಡೂ ಪ್ರತಿ ಒಂದೇ ಆಗಿ ಎಷ್ಟೋ ಕಾಲ ಆಗಿರುತ್ತೆ, ಅಜ್ಜಿ ಬೂದಿಗೆ ಒರೆಸಿಟ್ಟ ಬೀಜ ಮುಂದಿನ ವರ್ಷಾನೂ ಅದೇ ಹುಳಿ ಹಣ್ಣು ಕೊಡುತ್ತೆ.

ಈಗ ಲೆಕ್ಕ ನೋಡಿ. ಹೈಬ್ರಿಡ್‌ನಲ್ಲಿ ನಿಮಗೆ ಬೇಕಾದ ಪ್ರಬಲ ಗುಣ ಮೂರೇ ಅಂದ್ಕೊಳ್ಳಿ, ಮೂರೂ ಬೇರೆ ಬೇರೆ ಕ್ರೋಮೋಸೋಮ್ ಮೇಲಿವೆ. ತೆಗೆದಿಟ್ಟ ಬೀಜದಲ್ಲಿ ಒಂದೊಂದು ಗುಣ ಕಾಣೋ ಸಾಧ್ಯತೆ ಮುಕ್ಕಾಲು, ಮೂರೂ ಒಟ್ಟಿಗೆ ಇರೋ ಗಿಡ ನೂರಕ್ಕೆ ಸುಮಾರು 42. ಗುಣ ಹತ್ತಾದ್ರೆ? ನೂರಕ್ಕೆ ಆರೂ ಇಲ್ಲ. ಜನ ಇದನ್ನೇ "ಬೀಜ ಶಕ್ತಿ ಕಳ್ಕೊಳ್ತು" ಅಂತಾರೆ, ಶಕ್ತಿ ಎಲ್ಲೂ ಹೋಗಿಲ್ಲ, ಒಂದೇ ಗಿಡದಲ್ಲಿ ಕೂಡಿದ್ದು ನೂರು ಗಿಡಕ್ಕೆ ಹಂಚಿಹೋಗಿದೆ. ಅಕ್ಕಪಕ್ಕ ಅಂಟ್ಕೊಂಡಿರೋ ಜೀನ್‌ಗಳು ಜೊತೆಗೇ ಹೋಗ್ತವೆ, ಅಲ್ಲಿ ಈ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ಅಷ್ಟು ಬಿಡಿ.

ಎಲೆ ಮುದುರು ರೋಗಕ್ಕೆ ತಡೆ ಕೊಡೋ ಟಿವೈ-1 ಅನ್ನೋ ಜೀನ್ ದಕ್ಷಿಣ ಅಮೆರಿಕದ ಒಂದು ಕಾಡು ಟೊಮೆಟೊದಿಂದ ಬಂದಿದ್ದು, ಟಿವೈ-2 ಇನ್ನೊಂದು ಕಾಡು ಜಾತಿದು. ಇವು ಒಂದೇ ಪ್ರತಿ ಇದ್ರೂ ಹೆಚ್ಚುಕಮ್ಮಿ ಕೆಲಸ ಮಾಡ್ತವೆ, ಅದಕ್ಕೇ ತಳಿ ಮಾಡೋರಿಗೆ ಹೈಬ್ರಿಡ್ ಅಂದ್ರೆ ಸುಲಭದ ದಾರಿ, ಒಂದು ರೋಗಕ್ಕೆ ತಡೆ ಅಪ್ಪನ ಕಡೆಯಿಂದ, ಇನ್ನೊಂದಕ್ಕೆ ಅಮ್ಮನ ಕಡೆಯಿಂದ, ಮಗು ಹುಟ್ಟೋವಾಗ್ಲೇ ಎರಡೂ ಹೊತ್ಕೊಂಡು ಹುಟ್ಟುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೇಲಿ ಡಾ. ಎ.ಟಿ. ಸದಾಶಿವ ಅವರ ತಂಡ ಮಾಡಿದ ಅರ್ಕಾ ರಕ್ಷಕ್ ಕೂಡ ಎಫ್1ನೇ, ಎಲೆ ಮುದುರು, ದುಂಡಾಣು ಸೊರಗು, ಅಂಗಮಾರಿ ಮೂರಕ್ಕೂ ತಡೆ ಇರೋದು. ಸರ್ಕಾರಿ ಸಂಸ್ಥೆ ಮಾಡಿದ್ರೂ ಮೆಂಡಲ್ ರಿಯಾಯ್ತಿ ಕೊಡಲ್ಲ, ಅದರ ಬೀಜ ತೆಗೆದಿಟ್ರೂ ಗುಣಗಳು ಬೇರೆ ಬೇರೆ ಗಿಡಕ್ಕೆ ಹಂಚಿ ಒಡೆದುಹೋಗುತ್ತೆ.

ಇನ್ನೊಂದು ಜೀನ್ ಕಥೆ ಇನ್ನೂ ಮಜಾ ಇದೆ. ರಿನ್ ಅಂತ ಅದರ ಹೆಸರು. ಎರಡೂ ಪ್ರತಿ ರಿನ್ ಇದ್ರೆ ಆ ಹಣ್ಣು ಜನ್ಮದಲ್ಲಿ ಕೆಂಪಾಗಲ್ಲ, ಗಿಡದಲ್ಲೇ ವಾರಗಟ್ಲೆ ಬಿಟ್ರೂ ಹಳದಿಗೆ ತಿರುಗಿ ನಿಂತ್ಕೊಳ್ಳುತ್ತೆ. ಒಂದೂ ಇಲ್ದಿದ್ರೆ ಮಾಮೂಲಿ ಹಣ್ಣು, ಬೇಗ ಮೆತ್ತಗಾಗುತ್ತೆ. ಒಂದು ರಿನ್ ಒಂದು ಮಾಮೂಲಿ ಇದ್ರೆ ಹಣ್ಣು ಕೆಂಪೂ ಆಗುತ್ತೆ, ನಿಧಾನಕ್ಕೆ ಆಗುತ್ತೆ, ಲಾರೀಲಿ ದೂರ ಹೋದ್ರೂ ಗಟ್ಟಿ ಇರುತ್ತೆ. ಜಾಸ್ತಿ ದಿನ ಇಡ್ಬಹುದು ಅಂತ ಮಾರೋ ಎಷ್ಟೋ ಹೈಬ್ರಿಡ್‌ಗಳು ಪ್ರಪಂಚದಲ್ಲಿ ಈ ಅರ್ಧ ರಿನ್ ಮೇಲೇನೇ ನಿಂತಿರೋದು. ಅಂಥದ್ದರ ಬೀಜ ತೆಗೆದು ಹಾಕಿದ್ರೆ ನಾಲ್ಕಕ್ಕೆ ಒಂದು ಗಿಡ ಹಣ್ಣೇ ಆಗ್ದೇ ಇರೋ ಕಾಯಿ ಬಿಡುತ್ತೆ. ಈ ಗುಣಾನ ಯಾರೇ ಬಂದ್ರೂ ಶುದ್ಧ ತಳಿಯಾಗಿ ಕಟ್ಟಿಡೋಕಾಗಲ್ಲ, ಯಾಕಂದ್ರೆ ಅದು ಇರೋದೇ ಅರ್ಧ ಅರ್ಧ ಆಗಿ.

ಇಷ್ಟು ಹೇಳಿದ್ಮೇಲೆ ಕಂಪನಿಗಳು ಸಾಚಾ ಅಂತ ಅಂದ್ಕೋಬೇಡಿ. ಮುಸುಕಿನ ಜೋಳ, ಸಜ್ಜೆ ತರ ಬೇರೆ ಗಿಡದ ಪರಾಗ ತಗೊಳ್ಳೋ ಬೆಳೆಗಳಲ್ಲಿ ಹೈಬ್ರಿಡ್‌ಗೆ ಬರೋ ಕಸುವು ತುಂಬಾ ದೊಡ್ಡದು, ಅಲ್ಲಿ ಶುದ್ಧ ತಳಿ ಸೊರಗಿಹೋಗುತ್ತೆ, ಮುಸುಕಿನ ಜೋಳದ ಶುದ್ಧ ತಳಿ ನೋಡಿದ್ರೆ ಅಯ್ಯೋ ಅನ್ಸುತ್ತೆ. ಟೊಮೆಟೊ ಹಾಗಲ್ಲ, ಅದು ತನ್ನೊಳಗೆ ತಾನೇ ಕೂಡೋಕೆ ಒಗ್ಗಿಹೋಗಿರೋ ಗಿಡ, ಶುದ್ಧ ತಳಿ ಆದ್ರೆ ದೊಡ್ಡ ನಷ್ಟ ಏನಿಲ್ಲ. ಅಂದ್ರೆ ರಿನ್ ತರದ ಕೆಲವು ಬಿಟ್ರೆ ಹೈಬ್ರಿಡ್‌ನ ಬಹಳಷ್ಟು ಗುಣಗಳನ್ನ ಟೈಮ್ ಕೊಟ್ಟು ಒಂದೇ ಶುದ್ಧ ತಳೀಲಿ ಕೂಡಿಸಿ, ರೈತ ವರ್ಷ ವರ್ಷ ಬೀಜ ಇಟ್ಕೊಳ್ಳೋ ಹಾಗೆ ಮಾಡೋದಕ್ಕೆ ಅಡ್ಡಿ ಇಲ್ಲ. ಆದ್ರೆ ಹಾಗೆ ಮಾಡಿದ್ರೆ ಒಂದ್ಸಲ ಮಾರಿದ ಬೀಜ ಮತ್ತೆ ಮಾರೋಕಾಗಲ್ಲ. ಬೀಜ ಯಾಕೆ ಒಡೆಯುತ್ತೆ ಅನ್ನೋದು ಪ್ರಕೃತಿ, ಒಡೆಯೋ ಬೀಜಾನೇ ಯಾಕೆ ಮಾರ್ತಾರೆ ಅನ್ನೋದರಲ್ಲಿ ವ್ಯಾಪಾರದ ಪಾಲು ದೊಡ್ಡದಿದೆ. ಅದೇ 2001ರ ಕಾಯ್ದೆ ರೈತ ತನ್ನ ಬೆಳೆಯ ಬೀಜ ಇಟ್ಕೊಳ್ಳೋಕೆ, ಬಿತ್ತೋಕೆ, ಹಂಚೋಕೆ, ಬ್ರಾಂಡ್ ಹೆಸರು ಹಾಕದೆ ಮಾರೋಕೂ ಹಕ್ಕು ಕೊಟ್ಟಿದೆ, ಒಳ್ಳೇದೇ, ಆದ್ರೆ ಎಫ್1 ಇಟ್ಕೊಂಡು ಆ ಹಕ್ಕು ಚಲಾಯಿಸೋದು ಹೇಗೆ? ಕಾಗದದಲ್ಲಿ ಹಕ್ಕಿದೆ, ಹೊಲದಲ್ಲಿ ಕಲಬೆರಕೆ ಇದೆ.

ಇದನ್ನ ಸರಿಯಾಗಿ ನೋಡ್ಬೇಕು ಅಂದ್ರೆ ಶಿಡ್ಲಘಟ್ಟಕ್ಕೆ ಹೋಗಿ. ಅಲ್ಲಿ ರೇಷ್ಮೆ ಹುಳ ಮೇಯ್ಸೋರೂ ಎಫ್1ನೇ ಮೇಯ್ಸೋದು, ಅವ್ರೂ ಪ್ರತಿ ಬೆಳೆಗೂ ಮೊಟ್ಟೇನೋ ಚಾಕಿ ಹುಳಾನೋ (ಎಳೇ ಹುಳ) ದುಡ್ಡು ಕೊಟ್ಟು ತರ್ತಾರೆ, ತಮ್ಮ ಗೂಡಿಂದ ಚಿಟ್ಟೆ ಎಬ್ಬಿಸಿ ಮೊಟ್ಟೆ ಇಡಿಸ್ಕೊಳ್ಳಲ್ಲ. ಆದ್ರೆ "ಹುಳಕ್ಕೆ ಏನೋ ಮಾಡವ್ರೆ" ಅಂತ ಅಲ್ಲಿ ಯಾರೂ ಬೈಯಲ್ಲ. ಯಾಕೆ?

ನಾವು ಮಿಶ್ರತಳಿ ಅನ್ನೋ ಹಳದಿ ಗೂಡಿಗೆ ಅಮ್ಮ ಮೈಸೂರು ತಳಿ, ಪ್ಯೂರ್ ಮೈಸೂರು ಅಂತಾರಲ್ಲ ಅದು. ಅಪ್ಪ ಸಿಎಸ್‌ಆರ್2, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೇಲಿ ಆಗಿದ್ದು, ಅದಕ್ಕೆ ಮುಂಚೆ ಎನ್‌ಬಿ4ಡಿ2 ಅನ್ನೋ ಅಪ್ಪ ಇದ್ದ. ಅಮ್ಮ ಗಟ್ಟಿಗಿತ್ತಿ, ನಮ್ಮ ಬಿಸಿಲು, ಎಂಥದೋ ಸೊಪ್ಪು ಎಲ್ಲಾ ತಡ್ಕೊಳ್ತಾಳೆ, ಆದ್ರೆ ಗೂಡಿಂದ ಬಿಚ್ಚೋ ಎಳೆ ಗಿಡ್ಡ, 400 ಮೀಟರ್ ಆಸುಪಾಸು. ಅಪ್ಪನ ಜಾತಿಯ ಬಿಳಿ ಗೂಡಲ್ಲಿ 1,000 ಮೀಟರ್ ಹತ್ತಿರ ಎಳೆ, ಆದ್ರೆ ನಾಜೂಕು, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಹಾಸಿಗೇಲೇ ಮಲಗ್ಬಿಡುತ್ತೆ. ಮಗುವಿಗೆ ಅಮ್ಮನ ಗಟ್ಟಿತನ, ಎಳೆ ಇಬ್ಬರ ಮಧ್ಯದ್ದು, ಬಣ್ಣ ಅಮ್ಮನ ಕಡೆದು. ಜೊತೆಗೆ ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟಷ್ಟಕ್ಕೂ ಸೇರಿ ಇಲ್ಲಿ ಒಂದು ಮೊಟ್ಟೆ ಅಂತಾರೆ) ಅಂದ್ರೆ ಸುಮಾರು 40,000 ಹುಳ, ಅಷ್ಟೂ ಒಟ್ಟಿಗೆ ಜ್ವರಕ್ಕೆ (ಪೊರೆ ಬಿಡೋಕೆ) ಹೋಗಿ ಒಟ್ಟಿಗೆ ಏಳುತ್ತೆ, ಒಂದೆರಡು ದಿನದಲ್ಲಿ ಎಲ್ಲಾ ಹಣ್ಣಾಗಿ ಗೂಡು ಕಟ್ಟೋ ಚಂದ್ರಿಕೆ ಹತ್ತುತ್ತೆ. ಹುಳ ಮೇಯ್ಸಿದೋರಿಗೆ ಗೊತ್ತು ಇದರ ಬೆಲೆ, ಹಣ್ಣು ಹುಳ ಆರಿಸೋಕೆ ಕೂಲಿಯೋರು ವಾರಗಟ್ಲೆ ಬರಬೇಕು ಅಂದ್ರೆ ಬೆಳೆ ಮುಳುಗಿದಂಗೇ.

ಬಣ್ಣದ ವಿಷಯ ತೆಗೆದಿದ್ದಕ್ಕೆ ಒಂದು ಮಾತು. ಬಟಾಣಿಯ ನಿಯಮ ಪ್ರಾಣಿಗಳಿಗೂ ಅನ್ವಯ ಆಗುತ್ತೆ ಅಂತ ಬಹಳ ಮುಂಚೇನೇ ತೋರಿಸಿದೋರಲ್ಲಿ ಜಪಾನಿನ ತೊಯಾಮ ಕಮೆತಾರೊ ಒಬ್ಬರು, ತೋರಿಸಿದ್ದು ರೇಷ್ಮೆ ಹುಳದಲ್ಲೇ. ಸಯಾಮ್ (ಈಗಿನ ಥಾಯ್ಲೆಂಡ್) ದೇಶದಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಹಳದಿ ಗೂಡಿನ ಹುಳಕ್ಕೂ ಜಪಾನಿನ ಬಿಳಿ ಗೂಡಿನದ್ದಕ್ಕೂ ಕ್ರಾಸ್ ಮಾಡಿದ್ರು, ಮೊದಲ ಪೀಳಿಗೆ ಎಲ್ಲಾ ಹಳದಿ, ಎರಡನೇದು ಮೂರಕ್ಕೆ ಒಂದು. 1906ರಲ್ಲಿ ಪ್ರಕಟ ಆಯ್ತು. ಎಫ್1 ಮೊಟ್ಟೇನೇ ರೈತರಿಗೆ ಕೊಡಿ ಅಂತ ಹೇಳಿದ್ದೂ ಅವರೇ, ಜಪಾನ್ 1910ರ ದಶಕದಲ್ಲೇ ಆ ದಾರಿ ಹಿಡೀತು. ಅಮೆರಿಕದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೊಲಹೊಲಕ್ಕೂ ಹೋಗಿದ್ದು ಅದಕ್ಕಿಂತ ತಡವಾಗಿ, ಈ ವಿಷಯ ನಮ್ಮ ಪಾಠದ ಪುಸ್ತಕಗಳು ಯಾಕೋ ಹೇಳೋದೇ ಇಲ್ಲ.

ಮೈಸೂರು ತಳಿ ಯಾವಾಗ್ಲೂ ಅಮ್ಮನ ಜಾಗದಲ್ಲೇ ಯಾಕೆ ಇರ್ಬೇಕು, ತಿರುಗಿಸಿದ್ರೆ ಏನಾಗುತ್ತೆ ಅಂತ ಕೇಳ್ಬಹುದು. ಮೊಟ್ಟೆ ಹತ್ತು ದಿನಕ್ಕೆ ಒಡೀಬೇಕಾ ತಿಂಗಳುಗಟ್ಲೆ ನಿದ್ದೆ ಹೋಗ್ಬೇಕಾ ಅನ್ನೋದನ್ನ ಮೊಟ್ಟೆಯೊಳಗಿನ ಮರಿಯ ಜೀನ್ ನಿರ್ಧಾರ ಮಾಡಲ್ಲ, ಮೊಟ್ಟೆ ಇಟ್ಟ ತಾಯಿಯದ್ದು ಮಾಡುತ್ತೆ. ತಾಯಿ ಮೈಸೂರು ತಳಿ ಆದ್ರೆ ಹತ್ತು ದಿನಕ್ಕೆ ಚಾಕಿ ರೆಡಿ. ತಾಯಿ ಸಿಎಸ್‌ಆರ್ ಆದ್ರೆ ಮೊಟ್ಟೆ ಮಲಗುತ್ತೆ, ಇಟ್ಟ ಒಂದು ದಿನದೊಳಗೆ ಆಸಿಡ್‌ನಲ್ಲಿ ಅದ್ದಿ ಎಬ್ಬಿಸ್ಬೇಕು. ಮರಿಗಳ ಜೀನ್ ಎರಡು ಕಡೇನೂ ಹೆಚ್ಚುಕಮ್ಮಿ ಅವೇ, ಆದ್ರೂ ತಾಯಿ ಯಾರು ಅನ್ನೋದರ ಮೇಲೆ ನಡತೆ ಬದಲಾಗುತ್ತೆ. ಅಂದ್ಹಾಗೆ ಹೆಣ್ಣೋ ಗಂಡೋ ಅನ್ನೋದು ಮನುಷ್ಯರಲ್ಲಿ, ಹಸುಗಳಲ್ಲಿ ಗಂಡಿನ ಕಡೆಯಿಂದ ಗೊತ್ತಾಗುತ್ತೆ, ರೇಷ್ಮೆ ಹುಳದಲ್ಲಿ ಹೆಣ್ಣಿನ ಕಡೆಯಿಂದ. ಹೆಣ್ಣು ಹುಟ್ತು ಅಂತ ಸೊಸೇನ ಬೈಯೋ ಅತ್ತೆಯರು ಹುಳದ ಮನೇಲಿ ಬೈದ್ರೆ ವೈಜ್ಞಾನಿಕವಾಗಿ ಸರಿ ಇರುತ್ತೆ, ಅಡುಗೆಮನೇಲಿ ಅಲ್ಲ.

ತಾಯಿಯಿಂದ ಬರೋದೆಲ್ಲಾ ಜೀನೂ ಅಲ್ಲ. ಗಂಟು ರೋಗ (ಪೆಬ್ರಿನ್) ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತೆ, ಅದು ರೋಗಾಣು, ವಂಶದ ಗುಣ ಅಲ್ಲ. ಮೆಂಡಲ್ ಬಟಾಣಿ ಎಣಿಸ್ತಿದ್ದ ದಶಕದಲ್ಲೇ ಲೂಯಿ ಪಾಶ್ಚರ್ ಫ್ರಾನ್ಸಲ್ಲಿ ಇದನ್ನ ಬಿಡಿಸಿದ್ದು, ಮೊಟ್ಟೆ ಇಟ್ಟ ಚಿಟ್ಟೇನ ಅರೆದು ಮೈಕ್ರೋಸ್ಕೋಪಲ್ಲಿ ನೋಡಿ, ರೋಗ ಇದ್ರೆ ಆ ಮೊಟ್ಟೆ ಸುಟ್ಟುಹಾಕೋದು. ಮೊಟ್ಟೆ ತಯಾರಿಸೋ ನಮ್ಮ ಗ್ರೇನೇಜ್‌ಗಳಲ್ಲಿ ಇವತ್ತಿಗೂ ಅದೇ ಪದ್ಧತಿ.

ಸರಿ, ಶಿಡ್ಲಘಟ್ಟದೋರು ಯಾಕೆ ಬೈಯಲ್ಲ? ನನ್ನ ಪ್ರಕಾರ ಕಾರಣ ಇದು: ಅಲ್ಲಿ ಅಪ್ಪ ಅಮ್ಮ ಇಬ್ಬರೂ ಸಾರ್ವಜನಿಕ ಆಸ್ತಿ. ಮೈಸೂರು ತಳಿ ತುಮಕೂರು ಜಿಲ್ಲೆ ಕುಣಿಗಲ್, ಹೆಬ್ಬೂರು, ಆಕಡೆ ಮಾಗಡಿ ಕಡೆ ಬಿತ್ತನೆ ಪ್ರದೇಶ ಅಂತ ಗುರುತಿಸಿದ ಊರುಗಳಲ್ಲಿ ರೈತರ ಮನೇಲೇ ಬೆಳೆಯುತ್ತೆ, ಅವರಿಗೆ ಮೂಲ ಮೊಟ್ಟೆ ಸರ್ಕಾರಿ ಕೇಂದ್ರಗಳಿಂದ ಹಂತ ಹಂತವಾಗಿ ಬರುತ್ತೆ. ಆ ಬಿತ್ತನೆ ಗೂಡನ್ನ ಸರ್ಕಾರಿ ಗ್ರೇನೇಜೂ ತಗೊಳ್ಳುತ್ತೆ, ಲೈಸೆನ್ಸ್ ಇರೋ ಖಾಸಗಿ ಗ್ರೇನೇಜೂ ತಗೊಳ್ಳುತ್ತೆ. ಎಲ್ಲರೂ ಮಾಡೋದು ಅದೇ ಅಮ್ಮ ಅದೇ ಅಪ್ಪನ ಮಗು. ಪೈಪೋಟಿ ಇರೋದು ರೋಗ ಇಲ್ದಿರೋ ಮೊಟ್ಟೆ ಯಾರದ್ದು, ಒಂದೇ ದಿನ ಒಡೆಯೋದು ಯಾರದ್ದು ಅನ್ನೋದರಲ್ಲಿ, ಗುಟ್ಟಿನ ಅಪ್ಪ ಅಮ್ಮನ ಮೇಲಲ್ಲ. ಮೊಟ್ಟೆ, ಗೂಡು, ನೂಲು ಮೂರಕ್ಕೂ ಸೇರಿ ರಾಜ್ಯದಲ್ಲಿ 1959ರ ಕಾಯ್ದೆ ಬೇರೆ ಇದೆ. ಟೊಮೆಟೊದಲ್ಲಿ ಪ್ಯಾಕೆಟ್ ಹಿಂದೆ ಓದಿ ನೋಡಿ, ಮೊಳಕೆ ಪ್ರಮಾಣ ಇರುತ್ತೆ, ಲಾಟ್ ನಂಬರ್ ಇರುತ್ತೆ, ಅಪ್ಪ ಯಾರು ಅಮ್ಮ ಯಾರು ಅಂತ ಇರಲ್ಲ. ಅದೇ ಅವರ ಬಂಡವಾಳ. ಅದೇ ಜೋಡಿ ಇನ್ನೊಬ್ಬ ಮಾಡೋಕಾಗಲ್ಲ, ರೇಟಿಗೆ ಕಡಿವಾಣ ಹಾಕೋಕೆ ಪಕ್ಕದ ಅಂಗಡೀಲಿ ಅದೇ ಬೀಜ ಸಿಗಲ್ಲ.

ರೇಷ್ಮೇಲಿ ಎಲ್ಲಾ ಚಿನ್ನ ಅಂತಲೂ ಹೇಳಲ್ಲ. ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯೋನಿಗೆ ಮೈಸೂರು ತಳೀಲಿ ಇಳುವರಿ ಕಮ್ಮಿ, ಅವನು ಅದನ್ನ ಬೆಳೆಯೋದು ಬಿತ್ತನೆ ಗೂಡಿಗೆ ಸಿಗೋ ಹೆಚ್ಚಿನ ಬೆಲೆಗೆ. ಆ ವ್ಯತ್ಯಾಸ ಕರಗ್ತಾ ಬಂದ್ರೆ ಅವನು ಬೇರೆ ಬೆಳೆಗೆ ಹೋಗ್ತಾನೆ, ಅವನು ಹೋದ್ರೆ ಅಮ್ಮ ಇಲ್ಲ, ಅಮ್ಮ ಇಲ್ಲ ಅಂದ್ರೆ ಶಿಡ್ಲಘಟ್ಟದ ಹಳದಿ ಗೂಡೂ ಇಲ್ಲ. ತಳಿ ಉಳಿಸೋಕೆ ನಾಲ್ಕು ಹುಳ ಲ್ಯಾಬಲ್ಲಿ ಇಟ್ರೆ ಸಾಲಲ್ಲ, ತೀರಾ ಚಿಕ್ಕ ಗುಂಪಲ್ಲಿ ರಕ್ತಸಂಬಂಧಗಳೇ ಕೂಡ್ತಾ ಹೋಗಿ ಒಳಗೆ ಅಡಗಿರೋ ದುರ್ಬಲ ದೋಷಗಳು ಎರಡು ಪ್ರತಿ ಆಗಿ ಹೊರಗೆ ಬರ್ತವೆ. ನಮ್ಮ ಸೀಮೇಲಿ ಅಕ್ಕನ ಮಗಳನ್ನ ತಂದ್ಕೊಳ್ಳೋ ಸಂಬಂಧದ ಬಗ್ಗೆ ಡಾಕ್ಟರ್‌ಗಳು ಹೇಳೋದೂ ಇದೇ ಲೆಕ್ಕ, ಆ ಮಕ್ಕಳಲ್ಲಿ ಸರಾಸರಿ ಎಂಟನೇ ಒಂದು ಪಾಲು ಜೀನ್‌ಗಳ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುತ್ತೆ, ಅತ್ತೆ ಮಗ ಮಾವನ ಮಗಳು ಆದ್ರೆ ಹದಿನಾರನೇ ಒಂದು. ಎಲ್ಲರಿಗೂ ತೊಂದರೆ ಆಗುತ್ತೆ ಅಂತಲ್ಲ, ಕುಟುಂಬದಲ್ಲಿ ಅಂಥ ದೋಷ ಅಡಗಿದ್ರೆ ಹೊರಗೆ ಬರೋ ಸಾಧ್ಯತೆ ಜಾಸ್ತಿ ಅಂತ.

ಟೊಮೆಟೊ ಬೆಳೆಯೋರು ಕೇಳ್ಬೇಕಾದ್ದು ಏನು ಅಂದ್ರೆ, ಸರ್ಕಾರಿ ದುಡ್ಡಲ್ಲಿ ಆದ ಹೈಬ್ರಿಡ್‌ಗಳ ಅಪ್ಪ ಅಮ್ಮ ತಳಿಗಳನ್ನ ರೈತ ಕಂಪನಿಗಳಿಗೆ, ಎಫ್‌ಪಿಒಗಳಿಗೆ (ರೈತ ಉತ್ಪಾದಕ ಸಂಸ್ಥೆ) ಕಮ್ಮಿ ಫೀಸಿಗೆ ಕೊಡಿ, ಬೀಜ ನಾವೇ ಮಾಡಿಸ್ಕೋತೀವಿ ಅಂತ. ಬೀಜದ ರೇಟಿಗೆ ಸಬ್ಸಿಡಿ ಕೇಳೋದಕ್ಕಿಂತ ಇದು ಗಟ್ಟಿ ಬೇಡಿಕೆ. ಅರ್ಕಾ ವಿಕಾಸ್, ಅರ್ಕಾ ಸೌರಭ್ ತರದ ಹೈಬ್ರಿಡ್ ಅಲ್ಲದ ತಳಿಗಳೂ ಅದೇ ಹೆಸರಘಟ್ಟದಲ್ಲಿ ಆಗಿರೋದು, ಅವುಗಳ ಬೀಜ ಆರಾಮಾಗಿ ಇಟ್ಕೋಬಹುದು, ರೋಗದ ಮುಂದೆ ಇವತ್ತಿನ ಹೈಬ್ರಿಡ್‌ಗಳಷ್ಟು ತಡ್ಕೊಳ್ಳಲ್ಲ ಅನ್ನೋದೇ ಕಷ್ಟ.

ತಾಳ್ಮೆ ಇರೋರು ಇನ್ನೊಂದು ಮಾಡ್ಬಹುದು, ಹೈಬ್ರಿಡ್‌ನ್ನೇ ಒಡೆದು ಕಟ್ಟೋದು. ತೆಗೆದ ಬೀಜದಿಂದ ಒಂದಿನ್ನೂರು ಗಿಡ ಬೇರೆ ಮಡೀಲಿ ಇಡಿ, ಎಲೆ ಮುದುರಿದ್ದು, ಕುಳ್ಳಂದು, ಹಣ್ಣಾಗ್ದೇ ಇರೋದು ಎಲ್ಲಾ ಕಿತ್ತಾಕಿ, ಉಳಿದಿದ್ದರಲ್ಲಿ ಒಳ್ಳೇದರ ಬೀಜ ಗಿಡಕ್ಕೊಂದು ಪೊಟ್ಟಣ ಮಾಡಿ ಇಡಿ, ಬೆರೆಸಬೇಡಿ. ಪ್ರತಿ ಪೀಳಿಗೆಗೂ ಕಲಬೆರಕೆ, ಅಂದ್ರೆ ಎರಡು ಪ್ರತಿ ಬೇರೆ ಬೇರೆ ಇರೋ ಜೀನ್‌ಗಳ ಪಾಲು, ಅರ್ಧರ್ಧ ಇಳಿಯುತ್ತೆ, ಎರಡನೇ ಪೀಳಿಗೇಲಿ ಅರ್ಧ, ಮೂರನೇದರಲ್ಲಿ ಕಾಲು, ಆರನೇದು ಬರೋ ಹೊತ್ತಿಗೆ ನೂರಕ್ಕೆ ಮೂರು. ವರ್ಷಕ್ಕೆ ಎರಡು ಬೆಳೆ ಅಂದ್ರೆ ಎರಡೂವರೆ ಮೂರು ವರ್ಷ. ರೋಗ ತಡೆಯೋ ಗಿಡ ಕಂಡ ತಕ್ಷಣ ಖುಷಿ ಪಡಬೇಡಿ, ಅಂಥ ಮೂರು ಗಿಡದಲ್ಲಿ ಎರಡು ಒಂದೇ ಪ್ರತಿ ಹೊತ್ತಿರ್ತವೆ, ಮುಂದಕ್ಕೆ ಮತ್ತೆ ಒಡೀತವೆ. ಪೊಟ್ಟಣಕ್ಕೆ 16 ಸಸಿ ರೋಗ ಇರೋ ಜಾಗದಲ್ಲೇ ನೆಟ್ಟು ನೋಡಿ, ಹದಿನಾರೂ ನಿಂತ್ರೆ ಆ ತಾಯಿ ಗಿಡದಲ್ಲಿ ಎರಡೂ ಪ್ರತಿ ಇದೆ ಅಂತ ಹೆಚ್ಚುಕಮ್ಮಿ ಖಾತ್ರಿ, ಯಾಕಂದ್ರೆ ಒಂದೇ ಪ್ರತಿ ಇರೋ ಗಿಡದ ಮಕ್ಕಳು ಹದಿನಾರಕ್ಕೆ ಹದಿನಾರೂ ನಿಲ್ಲೋ ಸಾಧ್ಯತೆ ನೂರಕ್ಕೆ ಒಂದು ಅಷ್ಟೇ. ಒಂದು ಗಿಡ ಮುದುರಿದ್ರೂ ಆ ಪೊಟ್ಟಣ ಪಕ್ಕಕ್ಕಿಟ್ಟು ಮುಂದಿನದ್ದು ನೋಡಿ.